ಜನ್ನಾಪುರದ ಪೈಪು ಮೇಸ್ತ್ರಿ

ಮಳೆ ಹಿಡಿಯುವ ಮುಂಚೆ ಬಟ್ಟೆ ಒಣಗಿಸುವ ಡ್ರೈಯರಿನ ಪೈಪು ಕ್ಲೀನ್ ಮಾಡಿಸಬೇಕಿತ್ತು. ಅದಕ್ಕೆ ಭದ್ರಾವತಿಯ ಜನ್ನಾಪುರಕ್ಕೆ ಫೋನು ಮಾಡಿದೆ. ಮೇಸ್ತ್ರಿಯ ಹೆಂಡತಿ ಎತ್ತಿದಳು. ಅವರು ತೀರಿಕೊಂಡು ಮೂರು ತಿಂಗಳಾಯಿತು ಎಂದಳು. ಎದೆನೋವು ಬಂತಂತೆ, ಆಸ್ಪತ್ರೆಗೆ ಹೋಗುವ ದಾರಿಯಲ್ಲೇ ಮುಗಿಯಿತಂತೆ. ಅಯ್ಯೋ ಪಾಪ ಎಂದೆ. ಫೋನು ಇಟ್ಟುಬಿಟ್ಟೆ. ಪೈಪಿನ ಮಾತು ಎತ್ತಲಿಲ್ಲ.

ಅವನು ನಮಗೆ ನೆಂಟನಲ್ಲ, ಸ್ನೇಹಿತನೂ ಅಲ್ಲ. ವರ್ಷಕ್ಕೊಂದು ಸಲ ಬಂದು ಕೆಲಸ ಮಾಡಿ, ನನ್ನ ಹತ್ತಿರ ಎರಡು ಮಾತು ಜಗಳ ಆಡಿ ಹೋಗುತ್ತಿದ್ದವನು. ಎದುರಿಗೆ ಇದ್ದಾಗ ನಾನು ಅವನನ್ನು ಹೋಗು ಬಾ ಎಂದೇ ಮಾತಾಡಿಸಿದವಳು. ಈಗ ಸತ್ತಿದ್ದಾನೆ ಅಂತ ಅವರು ಇವರು ಎನ್ನಲು ನನ್ನಿಂದಾಗದು. ಹೆಸರು ಹಿಡಿದು ಕರೆದದ್ದೂ ಇಲ್ಲ. ಮೇಸ್ತ್ರಿ ಅಂದರೆ ಅವನು, ಅಷ್ಟೇ.

ಆಳು ಕಡ್ಡಿಯಂತೆ ಇದ್ದ. ಬೂದು ಪ್ಯಾಂಟು, ಭದ್ರಾವತಿಯ ಉಕ್ಕಿನ ಕಾರ್ಖಾನೆಯಲ್ಲಿದ್ದ ಕಾಲದ ದಪ್ಪ ಬೂಟು. ಕಾರ್ಖಾನೆಯಲ್ಲಿ ಅವನ ಕೆಲಸ ದೊಡ್ಡ ಫ್ಯಾನುಗಳಿಂದ ಗಾಳಿ ಒಯ್ಯುವ ತಗಡಿನ ಪೈಪು ಜೋಡಿಸುವುದಾಗಿತ್ತಂತೆ. ಎಡಗೈಯ ತೋರುಬೆರಳು ಅರ್ಧಕ್ಕೇ ಮುಗಿದಿತ್ತು. ಏನಾಯಿತಪ್ಪ ಅಂತ ಕೇಳಿದ್ದಕ್ಕೆ ತಗಡು ತಿಂತು ಎಂದ. ಮನೆ ಮಾತು ತಮಿಳು. ಕನ್ನಡ ನಮ್ಮ ಹಾಗೇ ಆಡುತ್ತಿದ್ದ, ಸಿಟ್ಟು ಬಂದಾಗ ಮಾತ್ರ ತಮಿಳಿಗೆ ಹೋಗುತ್ತಿದ್ದ. ಮಧ್ಯಾಹ್ನದ ಊಟ ಡಬ್ಬಿಯಲ್ಲಿ ತರುತ್ತಿದ್ದ. ನಮ್ಮನೆ ಊಟಕ್ಕೆ ಎಷ್ಟು ಕರೆದರೂ ಬರುತ್ತಿರಲಿಲ್ಲ. ನಮ್ಮ ಏಣಿಯನ್ನೂ ಹತ್ತುತ್ತಿರಲಿಲ್ಲ, ಅದರ ಮೂರನೇ ಮೆಟ್ಟಿಲು ಸರಿಯಿಲ್ಲ ಎನ್ನುತ್ತಿದ್ದ. ಅದು ಇಂದಿಗೂ ಸರಿಯಿಲ್ಲ.

ಅವನು ನಮ್ಮ ಮನೆಗೆ ಮೊದಲ ಸಲ ಬಂದದ್ದು ಮೊಮ್ಮಗಳು ಬಾಣಂತನಕ್ಕೆ ಬಂದ ವರ್ಷ. ಸವಳಂಗ ರಸ್ತೆಯ ಒಂದು ಓಣಿಯಲ್ಲಿ ನಮ್ಮ ಮನೆ. ಬಾಣಂತನ ಮಳೆಗಾಲಕ್ಕೆ ಬಿದ್ದಿತ್ತು. ಮಗುವಿನ ಬಟ್ಟೆ ದಿನಕ್ಕೆ ಮೂವತ್ತು, ಒಣಗುವುದು ಐದು. ಹಿಂದೆ ನಾವು ಕೆಂಡದ ಮೇಲೆ ಬಿದಿರು ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಬಟ್ಟೆ ಹರವಿ ಒಣಗಿಸುತ್ತಿದ್ದೆವು. ಹಾಗೇ ಮಾಡೋಣ ಎಂದೆ. ಹೊಗೆ ಮಗುವಿಗೆ ಆಗಲ್ಲ ಅಂತ ಸೊಸೆ ಬ್ಯಾಂಕಿನಿಂದ ಬರುವಾಗ ಡ್ರೈಯರ್ ಗೊತ್ತು ಮಾಡಿಕೊಂಡೇ ಬಂದಳು. ಅಂಗಡಿಯವರು ಹಿಂದಿನ ಬಟ್ಟೆ ಒಗೆಯುವ ಕೋಣೆಯಲ್ಲಿ ಮಿಷಿನ್ ಕೂರಿಸಿ, ಅದರ ಬೆನ್ನಿಗೆ ಒಂದು ಸುರುಳಿ ಪೈಪು ಸಿಕ್ಕಿಸಿ, ತುದಿಯನ್ನು ಕಿಟಕಿಯ ಸರಳಿಗೆ ಕಟ್ಟಿ ಹೋದರು. ಗಾಳಿ ಅರ್ಧ ಹೊರಗೆ, ಅರ್ಧ ಒಳಗೆ. ಎಂಟು ದಿನಕ್ಕೆ ಕೋಣೆಯ ಗೋಡೆ ಬೆವರಿ, ಸುಣ್ಣದ ಮೇಲೆ ಕಪ್ಪು ಬೂಷ್ಟು ಹಿಡಿಯಿತು. ಸೊಸೆಯ ಬ್ಯಾಂಕಿನಲ್ಲಿ ಯಾರೋ ಇವನ ನಂಬರು ಕೊಟ್ಟರು.

ಬಂದವನು ಮಿಷಿನ್ ಕಡೆ ನೋಡಲೇ ಇಲ್ಲ. ಕೊಡೆ ಹಿಡಿದು ಮನೆಗೆ ಒಂದು ಸುತ್ತು ಹಾಕಿದ. ಗೋಡೆಗಳನ್ನು ಹೊರಗಿನಿಂದ ನೋಡಿದ. ಆಮೇಲೆ ಒಳಗೆ ಬಂದು ಮಿಷಿನ್ ಹಾಕಿಸಿ, ಕಿಟಕಿಯಲ್ಲಿದ್ದ ಪೈಪಿನ ಬಾಯಿಗೆ ಅಂಗೈ ತಿರುಗಿಸಿ ಹಿಂಗೈ ಹಿಡಿದ. ಅಂಗೈ ಕೆಲಸ ಮಾಡಿ ದಡ್ಡುಗಟ್ಟಿರುತ್ತೆ, ಸುಳ್ಳು ಹೇಳುತ್ತೆ ಎಂದ. ಸುರುಳಿ ಪೈಪನ್ನು ಬಿಚ್ಚಿ ಎರಡು ಬೆರಳಲ್ಲಿ ಸತ್ತ ಹಾವನ್ನು ಎತ್ತಿದ ಹಾಗೆ ಎತ್ತಿಕೊಂಡು ಅಂಗಳಕ್ಕೆ ಹೋಗಿ ಕೊಡವಿದ. ಎಂಟೇ ದಿನದ ಪೈಪು, ಹತ್ತಿಯಂಥದ್ದು ಒಂದು ಬೊಗಸೆ ಬಿತ್ತು.

ಅದು ಬಟ್ಟೆಯಿಂದಲೇ ಉದುರಿದ್ದಂತೆ. ಅವನೇನೋ ಇಂಗ್ಲಿಷ್ ಹೆಸರು ಹೇಳಿದ. ನಾನು ಹೊಳೆಹೊನ್ನೂರು ಕಡೆಯ ಭತ್ತದ ಮನೆಯವಳು, ನನಗೆ ಅದು ಹೊಟ್ಟಿನ ಹಾಗೆ ಕಂಡಿತು. ಹಾಗಾದರೆ ಬಟ್ಟೆ ಹೊಟ್ಟು ಅನ್ನು ಎಂದೆ. ಅಂದಿನಿಂದ ಅವನೂ ನಮ್ಮ ಮನೆಯಲ್ಲಿ ಹೊಟ್ಟು ಎಂದೇ ಹೇಳಿದ. ಸುರುಳಿ ಪೈಪಿನ ಒಳಗೆಲ್ಲ ಮಡಿಕೆ, ಮಡಿಕೆಯಲ್ಲಿ ಹೊಟ್ಟು ಕೂರುತ್ತದೆ, ಕೂತಷ್ಟೂ ಗಾಳಿ ಕಟ್ಟುತ್ತದೆ, ಗಾಳಿ ಕಟ್ಟಿದರೆ ಮಿಷಿನ್ ಕಾಯುತ್ತದೆ, ಒಣ ಹೊಟ್ಟಿಗೆ ಬೆಂಕಿ ಹತ್ತಲು ಕಿಡಿಯೂ ಬೇಡ ಎಂದ. ನುಣ್ಣನೆಯ ತಗಡಿನ ಪೈಪೇ ಆಗಬೇಕು, ಗಿಡ್ಡ ಇರಬೇಕು, ನೆಟ್ಟಗೆ ಇರಬೇಕು.

"ಬಟ್ಟೆ ಒಣಗಿಸೋದು ಮಿಷಿನ್ ಅಲ್ಲಮ್ಮಾ. ಹೊರಗೆ ಹೋಗೋ ಗಾಳಿ," ಎಂದ. ಈ ಮಾತನ್ನು ಆಮೇಲೆ ಪ್ರತಿ ವರ್ಷವೂ ಹೇಳಿದ. ನನಗೆ ಬೇಜಾರೇ ಬಂದಿತ್ತು.

ಕೆಲಸ ಮಾಡುತ್ತ ಬೇರೆ ಮನೆಗಳ ಕಥೆ ಹೇಳುವ ಚಾಳಿ ಇತ್ತು. ಯಾರ ಮನೆ ಎಂದು ಹೇಳುತ್ತಿರಲಿಲ್ಲ. ಒಬ್ಬರು ಪೈಪನ್ನು ಮಾಡಿನ ಕೆಳಗೆ ಬಿಟ್ಟು, ಒಂದು ಮಳೆಗಾಲದಲ್ಲಿ ಪಕಾಸಿ ಮರಗಳ ಮೇಲೆಲ್ಲ ಅಣಬೆ ಎದ್ದವಂತೆ. ಇನ್ನೊಬ್ಬರು ಬಿಸಿಗಾಳಿ ಸುಮ್ಮನೆ ಯಾಕೆ ಹಾಳಾಗಬೇಕೆಂದು ಅಡುಗೆಮನೆಗೇ ತಿರುಗಿಸಿ ಹಪ್ಪಳ ಒಣಗಿಸಿದರಂತೆ. ಕರಿದ ಮೇಲೆ ನೋಡಿದರೆ ಹಪ್ಪಳದ ತುಂಬ ಲುಂಗಿಯ ನೂಲು. ಮೊಮ್ಮಗಳು ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನು ನಗಲಿಲ್ಲ. ಆ ಮನೆಯ ಯಜಮಾನಿ ಎರಡು ಹಪ್ಪಳ ಇವನಿಗೂ ಕೊಟ್ಟಿದ್ದಳಂತೆ.

ಜಗಳ ಆದದ್ದು ತೂತು ಎಲ್ಲಿ ಕೊರೆಯಬೇಕೆನ್ನುವುದಕ್ಕೆ. ಮಿಷಿನ್ ಹಿಂದಿನ ಗೋಡೆ ಹಿತ್ತಲಿಗೆ ತಾಗಿದೆ. ಅದರ ಎದುರಿಗೇ, ನಾಲ್ಕಡಿ ದೂರದಲ್ಲಿ, ತುಳಸಿ ಕಟ್ಟೆ. ಅದು ಮೊದಲು ಮನೆಯ ಮುಂದಿತ್ತು. ಕಾರು ನಿಲ್ಲಿಸಲು ಜಾಗ ಬೇಕೆಂದು ಮಗ ಅದನ್ನು ಹಿತ್ತಲಿಗೆ ತಂದಿದ್ದ. ಆ ಸಿಟ್ಟು ನನಗೆ ಇನ್ನೂ ಇತ್ತು.

"ಇಲ್ಲಿ ನೇರ ತೂತು ಹಾಕಿದ್ರೆ ಮೂರಡಿ ಪೈಪು ಸಾಕಮ್ಮಾ. ಒಂದು ತಿರುವೂ ಬೇಡ," ಎಂದ.

"ಅಲ್ಲಿ ತುಳಸಿ ಇದೆ."

"ಇದೆ. ಸ್ವಲ್ಪ ಬಿಸಿಗಾಳಿ ತಾಗುತ್ತೆ."

"ಬಿಸಿ ಅಲ್ಲಪ್ಪ ವಿಷಯ. ಅದು ಬಾಣಂತಿ ಬಟ್ಟೆ ಗಾಳಿ. ಮೈಲಿಗೆ ಗಾಳಿ ತುಳಸಿಗೆ ತಾಗಬಾರದು."

"ಒಗೆದ ಬಟ್ಟೆ ಅಲ್ವಾಮ್ಮಾ?"

"ಒಗೆದ್ರೂ ಅಷ್ಟೇ, ಬಿಟ್ರೂ ಅಷ್ಟೇ. ನೀನು ಪೈಪು ಓಣಿ ಕಡೆ ತಗೊಂಡು ಹೋಗು ಮಾರಾಯ."

ಅವನು ವಾದ ಮಾಡಲಿಲ್ಲ. ಟೇಪು ತೆಗೆದು ಓಣಿಯ ಕಡೆಗೆ ಅಳೆದ. ಮಿಷಿನ್ನಿನಿಂದ ಮೇಲಕ್ಕೆ, ಅಲ್ಲಿಂದ ತಿರುಗಿ ಪಕ್ಕದ ಬಾಣಂತಿ ಕೋಣೆಯ ಅಟ್ಟದ ಮೇಲೆ, ಅಲ್ಲಿಂದ ಮತ್ತೆ ತಿರುಗಿ ಓಣಿಗೆ. ಆ ಅಟ್ಟದ ತುಂಬ ನಮ್ಮ ಹಳೆಯ ಕೌದಿ, ಹಾಸಿಗೆ. ಅದರ ಕೆಳಗೆ ಮಗುವಿನ ತೊಟ್ಟಿಲು. ಎಲ್ಲ ನೋಡಿಕೊಂಡು ಬಂದು ನನ್ನೆದುರು ನಿಂತ.

"ಮೂರು ತಿರುವು, ಇಪ್ಪತ್ತಡಿ. ಅಷ್ಟು ದೂರಕ್ಕೆ ಗಾಳಿ ಸುಸ್ತಾಗುತ್ತೆ. ಸುಸ್ತಾದ ಗಾಳಿ ಹೊಟ್ಟು ಹೊರಗೆ ಹಾಕಲ್ಲ, ದಾರೀಲೇ ಇಳಿಸುತ್ತೆ. ಕೆಳಗೆ ಮಗು ಮಲಗುತ್ತೆ ಅಮ್ಮಾ. ನಾನು ಮಾಡಲ್ಲ. ತುಳಸೀನ ಸರಿಸಿ, ಇವತ್ತೇ ಮಾಡ್ಕೊಟ್ಟು ಹೋಗ್ತೀನಿ."

ಒಂದು ಸಲ ಸರಿಸಿದ್ದು ಸಾಕು ಎಂದೆ. ಮಾಡದಿದ್ದರೆ ಬಿಡು, ಶಿವಮೊಗ್ಗದಲ್ಲಿ ನೀನೊಬ್ಬನೇ ಇರುವುದಲ್ಲ ಎಂದೂ ಎಂದೆ. ಟೇಪು ಸುತ್ತಿ ಚೀಲಕ್ಕೆ ಹಾಕಿಕೊಂಡ. ಬಸ್ ಚಾರ್ಜಾದರೂ ಇಟ್ಟುಕೋ ಅಂತ ಮಗ ಹೋದರೆ, ಕೆಲಸ ಮಾಡಿಲ್ಲವಲ್ಲ ಎಂದು ಕೈ ಆಡಿಸಿ ಮಳೆಯಲ್ಲಿ ಹೊರಟ.

ಮಗ ಅವನ ಮಾತೇ ಸರಿ ಇರಬಹುದು ಎಂದ. ಪಾತ್ರೆ ಇಡುವ ಸದ್ದಿನಲ್ಲೇ ಸೊಸೆಯ ಮನಸ್ಸು ತಿಳಿಯುತ್ತಿತ್ತು. ನಾನು ಬಿಡಲಿಲ್ಲ. ಮಾರನೇ ದಿನ ನಲ್ಲಿ ಕೆಲಸದವನನ್ನು ಕರೆಸಿದೆ. ಅವನು ಏನೂ ಕೇಳಲಿಲ್ಲ. ನೀರಿನ ಪ್ಲಾಸ್ಟಿಕ್ ಪೈಪು ತಂದು, ನಾನು ಕೈ ತೋರಿಸಿದ ಕಡೆಗೆಲ್ಲ ತಿರುಗಿಸಿ, ಅಟ್ಟದ ಮೇಲಿನಿಂದ ಓಣಿಗೆ ದಾಟಿಸಿ, ಅಲ್ಲಿ ಬಾಯಿಯನ್ನು ಕೈಗೆಟುಕುವಷ್ಟು ಕೆಳಕ್ಕೆ ಬಗ್ಗಿಸಿ, ಇಲಿ ಬರದ ಹಾಗೆ ಒಂದು ಜಾಲರಿಯನ್ನೂ ತಂತಿಯಲ್ಲಿ ಬಿಗಿದ. ಮಧ್ಯಾಹ್ನಕ್ಕೆ ಮುಗಿಯಿತು. ಬಟ್ಟೆಯೂ ಒಣಗಿತು. ಭದ್ರಾವತಿಯಿಂದ ಬರಬೇಕಿತ್ತಾ ಇದಕ್ಕೆ ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

ಒಂದು ತಿಂಗಳು ಏನೂ ಆಗಲಿಲ್ಲ. ಆಮೇಲೆ ಒಂದು ಗಂಟೆಯ ಬಟ್ಟೆಗೆ ಒಂದೂವರೆ ಗಂಟೆ, ಎರಡು ಗಂಟೆ ಹಿಡಿಯತೊಡಗಿತು. ಮಿಷಿನ್ನಿನ ತಲೆ ಮುಟ್ಟಿದರೆ ಸುಡುತ್ತಿತ್ತು. ಅಜ್ಜಿ, ಇದು ಯಾಕೋ ಸರಿಯಿಲ್ಲ ಎಂದಳು ಮೊಮ್ಮಗಳು. ಮಳೆ ಜೋರು, ಥಂಡಿ ಬಟ್ಟೆ ಎಂದೆ. ಹಾಗೆ ಅಂದದ್ದು ನಾನೇ.

ಒಂದು ಮಧ್ಯಾಹ್ನ ಮಗುವಿಗೆ ನೀರು ಹಾಕಿ ತೊಟ್ಟಿಲಲ್ಲಿ ಮಲಗಿಸಿ ಕೂತಿದ್ದೆ. ಪ್ಲಾಸ್ಟಿಕ್ ಬಕೆಟ್ಟನ್ನು ಹಂಡೆಯ ಒಲೆಗೆ ತಾಗಿಸಿ ಇಟ್ಟಾಗ ಬರುವಂಥ ವಾಸನೆ ಬಂತು. ತಲೆ ಎತ್ತಿ ನೋಡಿದೆ. ಅಟ್ಟದ ಅಂಚಿನಿಂದ ಬೂದು ಬಣ್ಣದ ಹೊಟ್ಟು ತೊಟ್ಟಿಲಿನ ಮೇಲೆ ಸಣ್ಣಗೆ ಉದುರುತ್ತಿತ್ತು. ಮಗುವಿನ ಹುಬ್ಬಿನ ಮೇಲೂ ಬಿದ್ದಿತ್ತು. ಮಗುವನ್ನು ಎತ್ತಿ ಮೊಮ್ಮಗಳ ಕೈಗೆ ಕೊಟ್ಟು ಇಬ್ಬರನ್ನೂ ಮುಂದಿನ ಜಗಲಿಗೆ ಅಟ್ಟಿದೆ. ಮಿಷಿನ್ ಸ್ವಿಚ್ಚು ಆರಿಸಿದೆ. ಆಮೇಲೆ ಜನ್ನಾಪುರಕ್ಕೆ ಫೋನು ಮಾಡಿದೆ. ಬೇರೆ ಯಾರಿಗೂ ಮಾಡಬೇಕೆಂದು ತೋಚಲಿಲ್ಲ.

ಬರುತ್ತೀನಿ ಎಂದ. ಯಾಕೆ, ಏನು ಎಂದು ಕೇಳಲಿಲ್ಲ. ಸಂಜೆಗೆ ಮುಂಚೆ ಬಂದ. ನಮ್ಮ ಏಣಿ ಬಿಟ್ಟು ಮೇಜಿನ ಮೇಲೆ ನಿಂತು ಅಟ್ಟ ಹತ್ತಿ ಕೌದಿಗಳನ್ನು ಒಂದೊಂದಾಗಿ ಇಳಿಸಿದ. ಪ್ಲಾಸ್ಟಿಕ್ ಪೈಪು ಕಾದು ಮೆತ್ತಗಾಗಿ ಒಂದು ಕೀಲು ಬಿಟ್ಟುಕೊಂಡಿತ್ತು. ಅಲ್ಲಿಂದ ಬಿಸಿಗಾಳಿ, ಹೊಟ್ಟು ಎಲ್ಲ ಕೌದಿಗಳ ನಡುವೆಯೇ ಸುರಿದಿತ್ತು. ತಿರುವುಗಳಲ್ಲಿ ಹೊಟ್ಟು ಬಿರಡೆಯ ಹಾಗೆ ಕೂತಿತ್ತು. ಮಿಷಿನ್ನಿನ ಬೆನ್ನಿಗೆ ಮೆತ್ತಿದ್ದ ಹೊಟ್ಟು ಅಂಚಿನಲ್ಲಿ ಸೀದು ಕಂದು ತಿರುಗಿತ್ತು. ಅದನ್ನು ಬೆರಳಲ್ಲಿ ತೆಗೆದು ನೋಡಿ, ಕಾಗದಕ್ಕೆ ಹಾಕಿ ಮಡಚಿ ಪಕ್ಕಕ್ಕಿಟ್ಟ. ನಾನು ಹೇಳಿರಲಿಲ್ಲವಾ ಅನ್ನಲಿಲ್ಲ. ಅಂದುಬಿಡಲಿ ಎಂದು ನಾನು ಕಾದೇ ಇದ್ದೆ.

ಮಗ ಬಂದವನೇ ನಲ್ಲಿ ಕೆಲಸದವನಿಗೆ ಬೈಯಲು ಫೋನು ತೆಗೆದ. ಅವನ ತಪ್ಪಿಲ್ಲ, ನಾನು ತೋರಿಸಿದ ಕಡೆ ಹಾಕಿದ್ದಾನೆ, ಇಡು ಫೋನು ಎಂದೆ. ಮೇಸ್ತ್ರಿ ಆಗ ನನ್ನ ಮುಖ ನೋಡಿದ. ಆಮೇಲೆ ಹಿತ್ತಲಿನ ಬಾಗಿಲಿಗೆ ಹೋಗಿ ನಿಂತ.

"ಕಿತ್ತುಹಾಕಪ್ಪ ಆ ಕಟ್ಟೇನ," ಎಂದೆ.

"ನಾನು ಮುಟ್ಟಲ್ಲಮ್ಮಾ. ನಾಳೆ ಮಗೂಗೆ ಒಂದು ಶೀತ ಆದ್ರೂ ಇವನು ತುಳಸಿ ಕಿತ್ತ ಅಂತ ನಿಮಗೆ ಅನ್ನಿಸುತ್ತೆ. ನೀವೇ ತೆಗೀರಿ."

ಅವನು ಹೇಳಿದ್ದು ನಿಜ. ನನಗೆ ಹಾಗೆ ಅನ್ನಿಸಿಯೇ ಅನ್ನಿಸುತ್ತಿತ್ತು. ಕುಡುಗೋಲು, ಗುದ್ದಲಿ ತಂದು ಕೂತೆ. ಮಳೆ ಹನಿಯುತ್ತಿತ್ತು. ಸೊಸೆ ಕೊಡೆ ಹಿಡಿಯಲು ಬಂದಳು, ಒಳಗೆ ಹೋಗು ಮಾರಾಯ್ತಿ ಎಂದೆ. ಬೇರು ಕಡಿಯದ ಹಾಗೆ ಮಣ್ಣು ಸಮೇತ ಎಬ್ಬಿಸಲು ಬಹಳ ಹೊತ್ತು ಹಿಡಿಯಿತು. ಮೇಸ್ತ್ರಿ ಹೊಸ್ತಿಲಲ್ಲಿ ನಿಂತೇ ಇದ್ದ. ನೆರವಿಗೆ ಬರಲಿಲ್ಲ, ಬೇಗ ಮಾಡಿ ಎನ್ನಲೂ ಇಲ್ಲ. ಗಿಡವನ್ನು ಬಕೆಟ್ಟಿಗೆ ಇಳಿಸಿ ಬಾವಿಯ ಕಡೆ ಇಟ್ಟು ಕೈ ತೊಳೆದು ಬಂದ ಮೇಲೆ ಡ್ರಿಲ್ ಎತ್ತಿಕೊಂಡ.

ಮೂರಡಿ ತಗಡಿನ ಪೈಪು ನೇರ ಗೋಡೆ ದಾಟಿತು. ಕೀಲಿಗೆ ಸ್ಕ್ರೂ ಹಾಕಲಿಲ್ಲ, ಅದರ ಮೊನೆಗೆ ಹೊಟ್ಟು ಸಿಕ್ಕಿಕೊಳ್ಳುತ್ತದಂತೆ. ಬೆಳ್ಳಿ ಬಣ್ಣದ ತಗಡು ಟೇಪು ಸುತ್ತಿದ. ಹೊರಗಿನ ಬಾಯಿಗೆ ಜಾಲರಿಯೂ ಇಲ್ಲ, ಅದಕ್ಕೂ ಹೊಟ್ಟು ಕಟ್ಟುತ್ತದಂತೆ. ಗಾಳಿ ಬಂದಾಗ ತೆರೆದು, ನಿಂತಾಗ ತಾನೇ ಮುಚ್ಚಿಕೊಳ್ಳುವ ಒಂದು ಮುಚ್ಚಳ ಕೂರಿಸಿದ. ಎಲ್ಲ ಮುಗಿಸಿ ಊದುಬತ್ತಿ ಕೇಳಿದ. ಮಿಷಿನ್ನಿಗೆ ಪೂಜೆ ಮಾಡುತ್ತಾನೆಂದು ಮೊಮ್ಮಗಳು ಕುಂಕುಮದ ಬಟ್ಟಲನ್ನೂ ತಂದಳು. ಅವನು ಬತ್ತಿ ಹಚ್ಚಿ ಕೀಲಿನ ಸುತ್ತ ನಿಧಾನಕ್ಕೆ ಆಡಿಸಿದ. ಎಲ್ಲಾದರೂ ಗಾಳಿ ಸೋರಿದರೆ ಹೊಗೆ ಅಲ್ಲಾಡುತ್ತದಂತೆ. ಅಲ್ಲಾಡಲಿಲ್ಲ. ಕುಂಕುಮ ಬೇಡ ಎಂದ. ಕಾಫಿ ಕುಡಿದ, ಸಕ್ಕರೆ ಜಾಸ್ತಿ ಎಂದ.

ಆಮೇಲೆ ಮೂರು ಮಳೆಗಾಲ ಬಂದ. ಉದ್ದನೆಯ ಬ್ರಷ್ಷು ಹಾಕಿ ಪೈಪು ತಿಕ್ಕುವುದು, ಮಿಷಿನ್ ಎಳೆದು ಅದರ ಅಡಿ ಗುಡಿಸುವುದು. ಬಟ್ಟೆ ಹೊಟ್ಟು ಹಿಡಿಯುವ ಜಾಲರಿ ತಟ್ಟೆಯನ್ನು ಪ್ರತಿ ಸಲ ಬಟ್ಟೆ ಹಾಕುವ ಮುಂಚೆ ತೆಗೆದು ಒರೆಸಬೇಕೆಂದು ಸೊಸೆಗೆ ಹೇಳಿದ್ದ. ಒರೆಸುತ್ತೀನಿ ಎಂದಿದ್ದಳು. ಬಂದವನು ಆ ತಟ್ಟೆ ತೆಗೆದು ಅವಳ ಮುಂದೆ ಹಿಡಿದು ಸುಮ್ಮನೆ ನಿಲ್ಲುತ್ತಿದ್ದ. ಬ್ಯಾಂಕಿನಲ್ಲಿ ಎಲ್ಲರನ್ನೂ ಗದರಿಸುವವಳು ಅವನ ಎದುರು ಕೆಂಪಗಾಗುತ್ತಿದ್ದಳು. ನನ್ನನ್ನೂ ಬಿಡಲಿಲ್ಲ. ಮೊಮ್ಮಗಳು ಬಂದಾಗ ಮಗುವಿಗೆ ಎಣ್ಣೆ ಹಚ್ಚಿ ಒರೆಸಿದ ಬಟ್ಟೆಗಳನ್ನು ನಾನು ಡ್ರೈಯರಿಗೇ ಹಾಕುತ್ತಿದ್ದೆ. ಎಣ್ಣೆ ಬಟ್ಟೆ ಒಗೆದರೂ ಎಣ್ಣೆ ಪೂರ್ತಿ ಹೋಗಲ್ಲ, ಬಿಸಿ ಬಿಸಿ ಮಡಚಿಟ್ಟರೆ ಮಡಿಕೆಯೊಳಗೇ ಕಾಯುತ್ತ ಹೋಗುತ್ತದೆ, ಕಾರ್ಖಾನೆಯಲ್ಲಿ ಎಣ್ಣೆ ಒರೆಸಿದ ಬಟ್ಟೆಯ ಗುಡ್ಡೆ ತಾನಾಗಿ ಹೊಗೆಯಾಡಿದ್ದನ್ನು ನೋಡಿದ್ದೀನಿ ಎಂದ. ಅವನ್ನು ಹಗ್ಗಕ್ಕೇ ಹಾಕಿ ಎಂದ. ಹಗ್ಗಕ್ಕೆ ಹಾಕಿದೆ. ವಾಸನೆ ಬಂದರೆ ಬರಲಿ.

ಬಾವಿಯ ಕಡೆ ತುಳಸಿ ಹತ್ತಿಕೊಂಡಿತು. ಹಿಂದಿನ ಜಾಗಕ್ಕಿಂತ ಚೆನ್ನಾಗಿಯೇ ಬಂತು. ಅದನ್ನು ಅವನಿಗೆ ತೋರಿಸಿ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಅವನೂ ಆ ಕಡೆ ತಿರುಗಲಿಲ್ಲ.

ಸಾವಿನ ಸುದ್ದಿ ತಿಳಿದು ಒಂದು ವಾರ ಕಳೆಯಿತು. ಆಮೇಲೆ ಜನ್ನಾಪುರದ ಬಸ್ಸು ಹತ್ತಿದೆ. ಅವನ ಕೆಲಸ ಕಲಿತವರು ಯಾರಾದರೂ ಇದ್ದಾರಾ ಅಂತ ಕೇಳಬೇಕಿತ್ತು, ಸಾವಿನ ಮನೆಗೆ ಒಂದು ಸಲ ಹೋಗಿಬರಬೇಕೂ ಇತ್ತು. ಎರಡೂ ಒಂದೇ ಚಾರ್ಜಿನಲ್ಲಿ ಆಯಿತು. ಚಿಕ್ಕ ಮನೆ, ಶೀಟಿನ ಮಾಡು. ನಡುಮನೆಯಲ್ಲಿ ಹಗ್ಗ ಕಟ್ಟಿ ಬಟ್ಟೆ ಹಾಕಿದ್ದರು. ಹೆಂಡತಿ ತಲೆ ಬಗ್ಗಿಸಿ ಹಗ್ಗ ದಾಟಿ ಬಂದಳು. ಶಿವಮೊಗ್ಗ, ಸವಳಂಗ ರಸ್ತೆ ಎಂದೆ. ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ತುಳಸಿ ಮನೆಯಮ್ಮ ನೀವೇನಾ?"

ಹೌದು ಎಂದೆ. ಸ್ಟೂಲು ಕೊಟ್ಟು, ಒಂದು ಲೋಟ ನೀರು ತಂದಳು. ಕೆಲಸ ಕಲಿತವರು ಯಾರೂ ಇಲ್ಲವಂತೆ, ಇಂಥ ಗೊಡ್ಡು ಕೆಲಸ ಯಾರು ಕಲಿಯುತ್ತಾರೆ ಎಂದಳು. ಆಮೇಲೆ ತಾನಾಗಿಯೇ ಆ ವರ್ಷದ ಮಾತು ತೆಗೆದಳು. ನಮ್ಮ ಮನೆಯಲ್ಲಿ ಮಾಡಲ್ಲ ಎಂದು ಬಂದ ದಿನ ಗಂಡ ಅನ್ನ ಮುಟ್ಟಲಿಲ್ಲವಂತೆ. ಅವರು ಹೇಳಿದ ಹಾಗೆ ಮಾಡಿಕೊಟ್ಟು ಬರುವುದಲ್ಲವಾ, ಅದಕ್ಕೆ ಯಾಕೆ ಇಷ್ಟು ಎಂದು ಇವಳು ಬೈದಳಂತೆ.

"ನಾನು ಬಿಟ್ಟು ಬಂದದ್ದೇ ತಪ್ಪಾಯ್ತು, ಬೇರೆ ಯಾರೋ ಮಾಡಿರ್ತಾರೆ, ಆ ಮನೇಲಿ ಒಂದು ಮಗು ಇದೆ ಅಂದ್ರು," ಎಂದಳು.

ಅವಳು ಮುಂದೆ ಹೇಳಿದ್ದು ನನಗೆ ಗೊತ್ತಿರಲಿಲ್ಲ. ಆ ತಿಂಗಳೆಲ್ಲ ಶಿವಮೊಗ್ಗದಲ್ಲಿ ಕೆಲಸ ಇದ್ದಾಗಲೆಲ್ಲ ಅವನು ನಮ್ಮ ಓಣಿಗೆ ಹೋಗುತ್ತಿದ್ದನಂತೆ. ಕೈ ಎತ್ತಿದರೆ ಸಿಗುತ್ತಿತ್ತಲ್ಲ ಪೈಪಿನ ಬಾಯಿ. ತಂತಿ ಬಿಚ್ಚಿ ಜಾಲರಿ ತೆಗೆದು, ಕೈಗೆ ಸಿಕ್ಕಷ್ಟು ಹೊಟ್ಟು ಎಳೆದು, ಮತ್ತೆ ಹಾಗೇ ಕಟ್ಟಿ ಬರುತ್ತಿದ್ದನಂತೆ. ಆ ಜಾಲರಿ ಕಿತ್ತು ಬಿಸಾಕಿ ಬನ್ನಿ ಎಂದರೆ, ಅವರ ಮನೆಯದು, ನನಗೇನು ಹಕ್ಕು ಎಂದನಂತೆ. ಯಾರಾದರೂ ನೋಡಿದರೆ ಕಳ್ಳ ಅಂತ ಹಿಡಿದು ಹೊಡೆಯುತ್ತಾರೆಂದು ಇವಳಿಗೆ ಭಯ. ಆಮೇಲೆ ಜ್ವರ ಬಂದು ಹತ್ತು ದಿನ ಮಲಗಿದನಂತೆ, ಓಣಿಗೆ ಹೋಗಲಾಗಲಿಲ್ಲವಂತೆ. ನಾನು ಫೋನು ಮಾಡಿದ್ದು ಆ ಹತ್ತನೇ ದಿನ.

ನಾನು ಲೋಟ ಕೆಳಗಿಟ್ಟೆ. ಓಣಿ ಕಡೆಯ ಬಾಗಿಲು ನಾನು ಕೂರುವ ಜಾಗದಿಂದ ಎಂಟು ಹೆಜ್ಜೆ. ಒಂದು ದಿನ ಒಳಗೆ ಬಂದು ಹೇಳಬಹುದಿತ್ತಲ್ಲ ಎಂದೆ.

"ಹೇಳಿದ್ರೆ ನೀವು ಕೇಳ್ತಿದ್ರಾ?" ಎಂದಳು.

ಇಲ್ಲ ಎಂದೆ. ಸಾವಿನ ಮನೆಯಲ್ಲಿ ಸುಳ್ಳು ಹೇಳಿ ಏನಾಗಬೇಕಿತ್ತು.